ಪ್ರಾಣಾಯಾಮ: ಉಸಿರು ಬಿಡುವುದರಿಂದ ಶುರು ಮಾಡಿ

"ಕಪಾಲಭಾತಿ ದಿನಕ್ಕೆ ಎಷ್ಟು ಸಲ ಹೊಡೆಯಬೇಕು?" "ಭಸ್ತ್ರಿಕಾ ಮೊದಲೋ, ಅನುಲೋಮ ವಿಲೋಮ ಮೊದಲೋ?" "ಬಿಪಿ ಇದೆ, ಮಾಡಬಹುದಾ?" "ಮಾಡಿದರೆ ತಲೆ ಸುತ್ತುತ್ತದೆ, ಒಳ್ಳೆಯದಾ ಕೆಟ್ಟದ್ದಾ?" ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಇವೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಹಳಷ್ಟು ಜನ ಪ್ರಾಣಾಯಾಮವನ್ನು ತುದಿಯಿಂದ ಹಿಡಿಯುತ್ತಾರೆ. ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿ ಮೊದಲ ದಿನವೇ ಜೋರು ಉಸಿರಾಟಕ್ಕೆ ಇಳಿಯುತ್ತಾರೆ, ಎರಡನೇ ದಿನ ಉಸಿರು ಕಟ್ಟುತ್ತಾರೆ, ಮೂರನೇ ವಾರ ಬಿಟ್ಟೇಬಿಡುತ್ತಾರೆ. ಹಳೆಯ ಗ್ರಂಥಗಳ ದಾರಿ ಇದಕ್ಕೆ ತದ್ವಿರುದ್ಧ. ಚಿತ್ತ ತಿಳಿಯಾಗಲು ಪತಂಜಲಿ ಹೇಳುವ ಉಪಾಯಗಳಲ್ಲಿ ಉಸಿರಿನದೂ ಒಂದು (ಯೋಗಸೂತ್ರ 1.34). ಅಲ್ಲಿ ಮೊದಲು ಬರುವ ಪದವೇ ಪ್ರಚ್ಛರ್ದನ, ಅಂದರೆ ಉಸಿರನ್ನು ಹೊರಬಿಡುವುದು. ಹಠಯೋಗ ಪ್ರದೀಪಿಕೆಯೂ ಉಸಿರನ್ನು "ಶನೈರೇವ ನ ವೇಗತಃ", ಮೆಲ್ಲಗೇ ಬಿಡಬೇಕು, ರಭಸದಿಂದಲ್ಲ ಎನ್ನುತ್ತದೆ. ಈ ಬರಹದ ಬೆನ್ನೆಲುಬೂ ಇದೇ: ನಿಧಾನವಾಗಿ, ಒಂದೇ ಸಮನೆ ಉಸಿರು ಬಿಡುವುದು ಕೈವಶವಾಗುವವರೆಗೆ ಮುಂದಿನದೆಲ್ಲ ಕಾಯಲಿ.

ಮೊದಲು ನಾಲ್ಕು ಪದ

ಪೂರಕ ಎಂದರೆ ಉಸಿರು ಒಳಗೆಳೆದುಕೊಳ್ಳುವುದು. ರೇಚಕ ಎಂದರೆ ಬಿಡುವುದು. ಕುಂಭಕ ಎಂದರೆ ತಡೆದು ನಿಲ್ಲಿಸುವುದು. ಒಳಗೆ ತುಂಬಿಕೊಂಡು ತಡೆದರೆ ಅಂತಃಕುಂಭಕ, ಹೊರಗೆ ಬಿಟ್ಟು ತಡೆದರೆ ಬಾಹ್ಯಕುಂಭಕ. ಮಾತ್ರೆ ಎಂಬುದು ಉಸಿರಿನ ಅವಧಿಯನ್ನು ಎಣಿಸುವ ಅಳತೆ. ಸದ್ಯಕ್ಕೆ ಒಂದು ಮಾತ್ರೆ ಅಂದರೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಇಡಾ, ಪಿಂಗಳಾ ಎಂಬ ಹೆಸರುಗಳೂ ಕಿವಿಗೆ ಬಿದ್ದಿರುತ್ತವೆ. ಯೋಗಶಾಸ್ತ್ರದಲ್ಲಿ ಇಡಾ ಎಡ ಹೊಳ್ಳೆಯ ಚಂದ್ರನಾಡಿ, ಪಿಂಗಳಾ ಬಲ ಹೊಳ್ಳೆಯ ಸೂರ್ಯನಾಡಿ. ಇವು ಸಾಧನೆಯ ಭಾಷೆಯ ನಾಡಿಗಳು, ಶರೀರಶಾಸ್ತ್ರದ ನರ ಅಥವಾ ರಕ್ತನಾಳಗಳಲ್ಲ. ಎರಡನ್ನೂ ಕಲಸಿ ಗೊಂದಲ ಮಾಡಿಕೊಳ್ಳಬೇಡಿ.

ಶುರು ಮಾಡುವ ಮುನ್ನ ಯಾರು ವೈದ್ಯರನ್ನು ಕೇಳಬೇಕು?

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಅಪಸ್ಮಾರ (ಫಿಟ್ಸ್), ಗ್ಲಾಕೋಮಾ, ಹರ್ನಿಯಾ, ಇತ್ತೀಚೆಗೆ ಹೊಟ್ಟೆಯ ಅಥವಾ ಎದೆಯ ಆಪರೇಷನ್ ಆಗಿರುವುದು, ತೀವ್ರ ಅಸ್ತಮಾ, ಬಸಿರು. ಇವರು ಜೋರು ಉಸಿರಾಟದ ಕಪಾಲಭಾತಿ, ಭಸ್ತ್ರಿಕಾ, ಜೊತೆಗೆ ಕುಂಭಕ, ಈ ಮೂರರ ತಂಟೆಗೆ ಹೋಗಬಾರದು. ಕೆಳಗಿನ ಮೊದಲ ಮೂರು ಹಂತಗಳ ಸಾವಕಾಶದ ಉಸಿರಾಟ ಬಹುತೇಕರಿಗೆ ಸರಿಹೋಗುತ್ತದೆ, ಆದರೂ ನಿಮ್ಮನ್ನು ನೋಡುವ ವೈದ್ಯರಿಗೆ ಒಂದು ಮಾತು ಹೇಳಿ ಶುರು ಮಾಡಿ. ಮುಟ್ಟಿನ ದಿನಗಳಲ್ಲಿಯೂ ಹೊಟ್ಟೆಗೆ ಒತ್ತಡ ಬೀಳುವ ಅಭ್ಯಾಸ ಬಿಡುವುದು ರೂಢಿ, ನಾಡಿಶೋಧನಕ್ಕೂ ಭ್ರಾಮರಿಗೂ ಅಡ್ಡಿಯಿಲ್ಲ.

ಒಂದು ಗುಂಪಿನವರನ್ನು ಎಲ್ಲರೂ ಮರೆಯುತ್ತಾರೆ. ಏಕಾಏಕಿ ಗಾಬರಿಯಾಗಿ ಎದೆ ಡವಡವ ಹೊಡೆದುಕೊಳ್ಳುವ ತೊಂದರೆ (ಪ್ಯಾನಿಕ್) ಇದ್ದವರಿಗೆ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸುತ್ತ ಕೂತರೆ ಕೆಲವೊಮ್ಮೆ ಗಾಬರಿ ಹೆಚ್ಚುತ್ತದೆ. ನಿಮಗೆ ಹಾಗಾದರೆ ಕಣ್ಣು ತೆರೆದೇ ಕೂತುಕೊಳ್ಳಿ, ಎರಡೇ ನಿಮಿಷ ಮಾಡಿ, ಎಣಿಕೆಯ ಗೋಜು ಬೇಡ.

ಏನೇನು ಬೇಕು

ಬೇಕಾದದ್ದು ಬಹಳ ಕಡಿಮೆ: ಗಾಳಿಯಾಡುವ ಜಾಗ, ಮಡಚಿದ ಕಂಬಳಿ ಅಥವಾ ಜಮಖಾನ, ಸಡಿಲ ಬಟ್ಟೆ, ಖಾಲಿ ಹೊಟ್ಟೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು. ಬೆಳಿಗ್ಗೆ ಕಾಫಿ ಇಲ್ಲದೆ ಕಣ್ಣೇ ಬಿಡುವುದಿಲ್ಲ ಎನ್ನುವವರು ಅರ್ಧ ಲೋಟ ಕುಡಿದು ಅರ್ಧ ಗಂಟೆ ಬಿಟ್ಟು ಕೂತರೆ ಏನೂ ಮುಳುಗಿಹೋಗದು. ಶೌಚ ಮುಗಿದಿರಲಿ, ಮೂಗು ಸೀನಿ ಹಸನು ಮಾಡಿಕೊಂಡಿರಿ.

ಜಾಗದ ಬಗ್ಗೆ ಒಂದು ಕಿವಿಮಾತು. ದೇವರ ಮನೆಯಲ್ಲಿ ಕೂರುವುದು ಚೆಂದವೇ, ಆದರೆ ಬಾಗಿಲು ಮುಚ್ಚಿ ಊದುಬತ್ತಿ ಹಚ್ಚಿಟ್ಟು ಪ್ರಾಣಾಯಾಮಕ್ಕೆ ಕೂತರೆ ನೀವು ಆಳವಾಗಿ ಎಳೆದುಕೊಳ್ಳುವುದು ಹೊಗೆಯನ್ನು. ರಾತ್ರಿಯಿಡೀ ಸೊಳ್ಳೆಬತ್ತಿ ಉರಿದ ಕೋಣೆಗೂ ಇದೇ ಮಾತು. ಬೆಂಗಳೂರಿನಂಥ ಊರಿನಲ್ಲಿ ಮುಖ್ಯರಸ್ತೆ ಪಕ್ಕದ ಟೆರೇಸಿಗಿಂತ ಹಿತ್ತಲ ಕಡೆಯ ಕಿಟಕಿ ವಾಸಿ. ಫ್ಯಾನು, ಎಸಿಯ ಗಾಳಿ ನೇರ ಮುಖಕ್ಕೆ ಬೀಳದಿರಲಿ.

ಇನ್ನು ಹಂತಗಳು.

1. ಕೂರುವುದನ್ನು ಸರಿಮಾಡಿಕೊಳ್ಳಿ

ಪದ್ಮಾಸನವೇ ಆಗಬೇಕೆಂದಿಲ್ಲ. ಸುಖಾಸನ (ಮಾಮೂಲಿ ಚಕ್ಕಳಮಕ್ಕಳ), ವಜ್ರಾಸನ, ಕುರ್ಚಿ, ಯಾವುದಾದರೂ ಆದೀತು. ನೋಡಬೇಕಾದದ್ದು ಒಂದನ್ನೇ: ಮಂಡಿಗಳು ಸೊಂಟಕ್ಕಿಂತ ಕೆಳಗಿವೆಯೇ? ಮಂಡಿ ಮೇಲೆದ್ದಿದ್ದರೆ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ಹೊಟ್ಟೆ ಮಡಿಕೆ ಬೀಳುತ್ತದೆ. ಆಗ ಎಷ್ಟು ಪ್ರಯತ್ನಪಟ್ಟರೂ ಉಸಿರು ಕೆಳಗಿಳಿಯುವುದಿಲ್ಲ. ಕಂಬಳಿಯನ್ನು ನಾಲ್ಕೈದು ಮಡಿಕೆ ಮಾಡಿ ಪೃಷ್ಠದ ಕೆಳಗಿಡಿ. ಕಾಲಿನ ಕೆಳಗಲ್ಲ, ಪೃಷ್ಠದ ಕೆಳಗೆ ಮಾತ್ರ. ಮಂಡಿನೋವಿದ್ದವರು ಕೈಯಿಲ್ಲದ ಗಟ್ಟಿ ಕುರ್ಚಿಯ ಮುಂದಿನ ಅರ್ಧದಲ್ಲಿ ಕೂತು ಪಾದ ಪೂರ್ತಿ ನೆಲಕ್ಕೂರಿಸಲಿ. ಸೋಫಾ ಬೇಡ.

ಹತ್ತು ನಿಮಿಷ ಅಲುಗಾಡದೆ, ಕಾಲು ಜೋಮು ಹಿಡಿಯದೆ ಕೂರುವುದು ನಿಮಗೆ ಸಾಧ್ಯವಾದರೆ ಈ ಹಂತ ಮುಗಿದ ಹಾಗೆ.

2. ಮಲಗಿಕೊಂಡು ವಪೆಯನ್ನು ಗುರುತು ಹಿಡಿಯಿರಿ

ವಪೆ ಎಂದರೆ ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ಗುಮ್ಮಟದ ಆಕಾರದ ಸ್ನಾಯು. ಉಸಿರಾಟದ ಮುಖ್ಯ ಕೆಲಸಗಾರ ಇದೇ. ಇದು ಕೆಳಗಿಳಿದಾಗ ಶ್ವಾಸಕೋಶಗಳಿಗೆ ಗಾಳಿ ನುಗ್ಗುತ್ತದೆ, ಹೊಟ್ಟೆ ತಾನಾಗಿ ಮೇಲೇಳುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂರುವವರು ಎದೆಯ ಮೇಲ್ಭಾಗದಲ್ಲಿ, ಹೆಗಲೆತ್ತಿ ಉಸಿರಾಡುವುದನ್ನು ರೂಢಿಸಿಕೊಂಡಿರುತ್ತಾರೆ.

ಅಂಗಾತ ಮಲಗಿ. ಮಂಡಿ ಮಡಚಿ ಪಾದ ನೆಲಕ್ಕಿಡಿ. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆಯ ಮೇಲೆ. ಮೂಗಿನಿಂದಲೇ ಉಸಿರಾಡಿ. ಕೆಳಗಿನ ಕೈ ಏಳಬೇಕು, ಮೇಲಿನ ಕೈ ಹೆಚ್ಚುಕಡಿಮೆ ಸುಮ್ಮನಿರಬೇಕು. ಹೊಟ್ಟೆಯನ್ನು ಬಲವಂತವಾಗಿ ಉಬ್ಬಿಸಬೇಡಿ. ಹಲವರು ಇಲ್ಲಿಯೇ ಹೊಟ್ಟೆಯ ಸ್ನಾಯು ಬಿಗಿಹಿಡಿದು ತಳ್ಳುತ್ತಾರೆ, ಉಸಿರು ಮಾತ್ರ ಮೇಲೇ ಇರುತ್ತದೆ. ಬೆಳಿಗ್ಗೆ ಐದು ನಿಮಿಷ, ರಾತ್ರಿ ಮಲಗುವಾಗ ಐದು ನಿಮಿಷ ಸಾಕು.

ಮಲಗಿ ಮಾಡುವುದು ಪ್ರಾಣಾಯಾಮವೇ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತು, ಜಗತ್ತಿಗೆ ಯೋಗ ಹೇಳಿಕೊಟ್ಟ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ಹೊಸಬರಿಗೆ ಪ್ರಾಣಾಯಾಮ ಶುರುವಾಗುವುದೇ ಮಲಗಿಕೊಂಡು. ಬೆನ್ನು ನೆಟ್ಟಗಿಡುವ ಹೊಣೆಯನ್ನು ನೆಲ ಹೊತ್ತುಕೊಂಡರೆ ಗಮನವೆಲ್ಲ ಉಸಿರಿಗೆ ಸಿಗುತ್ತದೆ.

3. ರೇಚಕವನ್ನು ಉದ್ದ ಮಾಡಿ

ಈಗ ಎದ್ದು ಕೂತುಕೊಳ್ಳಿ. ಎರಡೂ ಹೊಳ್ಳೆಗಳಿಂದ, ಬಾಯಿ ಮುಚ್ಚಿ. ಮೂರು ಎಣಿಸುತ್ತ ಒಳಗೆ, ಮೂರು ಎಣಿಸುತ್ತ ಹೊರಗೆ. ಒಂದು ವಾರ ಇಷ್ಟೇ. ಆಮೇಲೆ ಮೂರು ಒಳಗೆ, ನಾಲ್ಕು ಹೊರಗೆ. ಆಮೇಲೆ ಮೂರು-ಐದು, ನಾಲ್ಕು-ಆರು. ನಾಲ್ಕು-ಆರು ಬಂದಾಗ ನಿಮಿಷಕ್ಕೆ ಆರು ಉಸಿರಾಗುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅಂದರೆ ನೀವು ಆಗಲೇ ಅದರ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದಿರುತ್ತೀರಿ.

ಇದರಿಂದ ಏನಾಗುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆಯಿರಿ, ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ಬಡಿತದ ನಡುವಿನ ಅಂತರ ಹಿಗ್ಗುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ವ್ಯತ್ಯಾಸ ಕಡಿಮೆಯಾಗುತ್ತ ಹೋಗುತ್ತದೆ. ಮೆದುಳಿನಿಂದ ಹೃದಯ, ಹೊಟ್ಟೆಯವರೆಗೂ ಇಳಿಯುವ ವೇಗಸ್ ಎಂಬ ನರ ರೇಚಕದ ಹೊತ್ತಿನಲ್ಲಿ ಹೃದಯಕ್ಕೆ ಕಡಿವಾಣ ಹಾಕುವುದೇ ಇದಕ್ಕೆ ಕಾರಣ. ರೇಚಕ ಉದ್ದವಾದಷ್ಟೂ ಆ ಕಡಿವಾಣದ ಹೊತ್ತು ಉದ್ದ. ಪ್ರಾಣಾಯಾಮ ಮಾಡಿ ಎದ್ದವರು "ಏನೋ ಹಗುರ ಅನಿಸುತ್ತೆ" ಅನ್ನುವುದರ ಹಿಂದೆ ಇದರ ಪಾಲು ದೊಡ್ಡದು.

ಇಲ್ಲಿ ಆಗುವ ತಪ್ಪು: ಎಣಿಕೆಯನ್ನು ಗೆಲ್ಲಲು ಹೋಗುವುದು. ಆರು ಎಣಿಸಿ ಬಿಟ್ಟ ಮೇಲೆ ಮುಂದಿನ ಉಸಿರು ಗಬಕ್ಕನೆ ನುಗ್ಗಿ ಬಂದರೆ ಆರು ನಿಮಗೆ ಇನ್ನೂ ಹೆಚ್ಚು ಎಂದರ್ಥ. ಐದಕ್ಕೆ ಇಳಿಯಿರಿ. ಮುಂದಿನ ಪೂರಕ ಆತುರವಿಲ್ಲದೆ ಬರುತ್ತಿದೆಯೇ ಎಂಬುದೊಂದೇ ಅಳತೆಗೋಲು, ಮುಂದಿನ ಎಲ್ಲ ಹಂತಗಳಿಗೂ ಇದೇ.

ಸಂಖ್ಯೆ ಎಣಿಸುವುದು ಶುಷ್ಕ ಅನಿಸಿದರೆ ಇಷ್ಟಮಂತ್ರವನ್ನೇ ಅಳತೆ ಮಾಡಿಕೊಳ್ಳಿ. ಮನಸ್ಸಿನಲ್ಲಿ ಒಮ್ಮೆ "ಓಂ ನಮಃ ಶಿವಾಯ" ಎನ್ನುತ್ತ ಒಳಗೆ, ಒಂದೂವರೆ ಅಥವಾ ಎರಡು ಸಲ ಎನ್ನುತ್ತ ಹೊರಗೆ. ಮಂತ್ರದೊಡನೆ ಮಾಡುವುದಕ್ಕೆ ಸಗರ್ಭ ಪ್ರಾಣಾಯಾಮ ಎಂಬ ಹೆಸರೇ ಇದೆ. ಯಾವ ಧರ್ಮದವರೇ ಆಗಲಿ, ಅವರವರ ಪ್ರಾರ್ಥನೆಯ ಒಂದು ಸಾಲು ನಡೆಯುತ್ತದೆ.

4. ನಾಡಿಶೋಧನ

ಒಂದೇ ಒಂದು ಪ್ರಾಣಾಯಾಮ ಮಾಡಲು ಹೊತ್ತಿದೆ ಎಂದರೆ ಇದನ್ನೇ ಮಾಡಿ ಎಂದು ನಾನು ಹೇಳುವುದು. ಕೆಲವು ಕಡೆ ಇದನ್ನು ಅನುಲೋಮ ವಿಲೋಮ ಎನ್ನುತ್ತಾರೆ. ಇನ್ನು ಕೆಲವರು ಕುಂಭಕ ಇಲ್ಲದ್ದಕ್ಕೆ ಅನುಲೋಮ ವಿಲೋಮ, ಕುಂಭಕ ಸೇರಿಸಿದ್ದಕ್ಕೆ ನಾಡಿಶೋಧನ ಎನ್ನುತ್ತಾರೆ. ನಾವು ಮಾಡುವುದು ಕುಂಭಕ ಇಲ್ಲದ್ದು.

ಕೈ ಹೀಗಿರಲಿ: ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಅಂಗೈಗೆ ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ. ಉಂಗುರಬೆರಳು, ಕಿರುಬೆರಳು ಜೋಡಿಯಾಗಿ ಎಡ ಹೊಳ್ಳೆಗೆ. ಬೆರಳು ಎಲ್ಲಿ ಕೂರಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೂಗಿನ ಸೇತುವೆಯಿಂದ ಬೆರಳನ್ನು ಕೆಳಗೆ ಜಾರಿಸುತ್ತ ಬನ್ನಿ. ಮೂಳೆ ಮುಗಿದು ಮೆತ್ತಗಾಗುವ ಒಂದು ಜಾಗ ಸಿಗುತ್ತದೆ. ಅಲ್ಲಿ ಮೆಲ್ಲಗೆ ಒತ್ತಿದರೆ ಸಾಕು, ಹೊಳ್ಳೆ ಮುಚ್ಚುತ್ತದೆ. ಮೂಗಿನ ತುದಿಯನ್ನು ಹಿಂಡಬೇಡಿ, ಮೂಗನ್ನು ಪಕ್ಕಕ್ಕೆ ದೂಡಬೇಡಿ.

ಈಗ ಒಂದು ಸುತ್ತು:

ಎರಡೂ ಹೊಳ್ಳೆಗಳಿಂದ ಉಸಿರನ್ನು ಪೂರ್ತಿ ಬಿಡಿ. ಬಲ ಮುಚ್ಚಿ, ಎಡದಿಂದ ನಾಲ್ಕು ಎಣಿಸುತ್ತ ಎಳೆಯಿರಿ. ಎಡ ಮುಚ್ಚಿ, ಬಲದಿಂದ ಆರು ಎಣಿಸುತ್ತ ಬಿಡಿ. ಬಲದಿಂದಲೇ ನಾಲ್ಕು ಎಣಿಸುತ್ತ ಎಳೆಯಿರಿ. ಬಲ ಮುಚ್ಚಿ, ಎಡದಿಂದ ಆರು ಎಣಿಸುತ್ತ ಬಿಡಿ. ಒಂದು ಸುತ್ತು ಮುಗಿಯಿತು.

ಎಡದಿಂದ ಶುರು, ಎಡದಲ್ಲೇ ಮುಕ್ತಾಯ. ಎಣಿಕೆ ತಪ್ಪಿದರೆ ತಲೆ ಕೆಡಿಸಿಕೊಳ್ಳದೆ ಎಡದಿಂದ ಮತ್ತೆ ಶುರು ಮಾಡಿ. ಯಾವ ಹೊಳ್ಳೆಯಿಂದ ಬಿಡುತ್ತೀರೋ ಅದೇ ಹೊಳ್ಳೆಯಿಂದ ಎಳೆಯುವುದು ಎಂಬ ಒಂದು ನಿಯಮ ನೆನಪಿದ್ದರೆ ದಾರಿ ತಪ್ಪುವುದಿಲ್ಲ. ಮೊದಲ ವಾರ ಐದು ಸುತ್ತು, ಆಮೇಲೆ ಒಂಬತ್ತು, ಆಮೇಲೆ ಹತ್ತು ನಿಮಿಷದವರೆಗೆ. ಸುತ್ತುಗಳನ್ನು ಎಡಗೈಯ ಬೆರಳ ಗೆಣ್ಣುಗಳ ಮೇಲೆ ಎಣಿಸಿಕೊಳ್ಳಬಹುದು.

ಐದು ನಿಮಿಷವಾದ ಮೇಲೆ ಬಲಗೈ ಸೋಲುತ್ತದೆ. ಮೊಣಕೈ ಜೋತುಬಿದ್ದು ಹೆಗಲನ್ನು ಕೆಳಗೆಳೆಯುತ್ತದೆ, ತಲೆ ಬಲಕ್ಕೆ ವಾಲುತ್ತದೆ. ಇದು ನಿಮಗೇ ಗೊತ್ತಾಗುವುದಿಲ್ಲ, ಕನ್ನಡಿಯ ಮುಂದೆ ಒಂದು ದಿನ ಕೂತು ನೋಡಿ. ಎಡ ಅಂಗೈಯನ್ನು ಬಲ ಮೊಣಕೈಗೆ ಆಸರೆ ಕೊಟ್ಟರೆ ಸರಿಹೋಗುತ್ತದೆ. ಉಸಿರಿನ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳಬಾರದು. ಸೊರಸೊರ ಸದ್ದು ಬರುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ.

"ನನ್ನ ಒಂದು ಹೊಳ್ಳೆ ಯಾವಾಗಲೂ ಕಟ್ಟಿರುತ್ತದೆ" ಎನ್ನುವವರು ಬಹಳ ಮಂದಿ. ಒಂದು ಹೊಳ್ಳೆ ಬಿಗಿ, ಇನ್ನೊಂದು ಸಡಿಲ ಇರುವುದು ಸಹಜ. ಮೂಗಿನ ಒಳಪದರ ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲಿಸುತ್ತದೆ. ನಮ್ಮ ಹಿರಿಯರು ಸ್ವರ ನೋಡುವುದು ಎನ್ನುತ್ತಿದ್ದದ್ದು ಇದನ್ನೇ ಗಮನಿಸಿ. ಅರ್ಧಂಬರ್ಧ ಕಟ್ಟಿದ್ದರೆ ಆ ಕಡೆಯ ಎಣಿಕೆ ಕಡಿಮೆ ಮಾಡಿ ಮುಂದುವರಿಸಿ. ಪೂರ್ತಿ ಕಟ್ಟಿದ್ದರೆ, ನೆಗಡಿಯಾಗಿದ್ದರೆ ಆ ದಿನ ಮೂರನೇ ಹಂತವನ್ನಷ್ಟೇ ಮಾಡಿ, ಹಬೆ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿದ್ದರೆ ಮೂಗಿನ ನಡುಗೋಡೆ ವಾಲಿರಬಹುದು ಅಥವಾ ಅಲರ್ಜಿ ಇರಬಹುದು. ಅದಕ್ಕೆ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಬೇಕು. ಪ್ರಾಣಾಯಾಮದಿಂದ ಗೋಡೆ ನೆಟ್ಟಗಾಗದು.

ಎಷ್ಟು ದಿನ ಇಷ್ಟೇ ಮಾಡಬೇಕು? ಕ್ರಮವಾಗಿ ಮಾಡಿದರೆ ನಾಡಿಗಳು ಶುದ್ಧವಾಗಲು ಮೂರು ತಿಂಗಳ ಮೇಲೆ ಬೇಕು ಎಂದು ಹಠಯೋಗ ಪ್ರದೀಪಿಕೆಯ ಎರಡನೆಯ ಉಪದೇಶ (ಅಧ್ಯಾಯ) ಹೇಳುತ್ತದೆ. ನೀವೂ ಮೂರು ತಿಂಗಳು ಎಂದಿಟ್ಟುಕೊಳ್ಳಿ. ಅಲ್ಲಿಯತನಕ ಮುಂದಿನದರಲ್ಲಿ ಭ್ರಾಮರಿಯನ್ನು ಬಿಟ್ಟು ಬೇರೇನೂ ಸೇರಿಸದಿದ್ದರೂ ನಷ್ಟವಿಲ್ಲ.

5. ಭ್ರಾಮರಿ

ನಿದ್ದೆ ಬಾರದವರಿಗೆ, ಸಂಜೆ ಆಫೀಸಿನಿಂದ ತಲೆ ಕಾದು ಬರುವವರಿಗೆ ಇದು ಹೇಳಿ ಮಾಡಿಸಿದ್ದು. ತುಟಿ ಮುಚ್ಚಿ, ಹಲ್ಲುಗಳ ನಡುವೆ ಸ್ವಲ್ಪ ಸಂದಿ ಬಿಡಿ. ಕಿವಿಯ ತೂತಿನ ಮುಂದಿರುವ ಸಣ್ಣ ಮೃದ್ವಸ್ಥಿಯನ್ನು ಹೆಬ್ಬೆರಳಿನಿಂದ ಒತ್ತಿ ಕಿವಿ ಮುಚ್ಚಿ. ಬೆರಳನ್ನು ತೂತಿನೊಳಕ್ಕೆ ತೂರಿಸಬೇಡಿ. ಮೂಗಿನಿಂದ ಉಸಿರೆಳೆದು, ಬಿಡುವಾಗ ದುಂಬಿಯ ಹಾಗೆ "ಮ್‌ಮ್‌ಮ್" ಎಂದು ಗುಂಯ್‌ಗುಡಿ. ದನಿ ಸಣ್ಣದಿರಲಿ, ಒಂದೇ ಶ್ರುತಿಯಲ್ಲಿರಲಿ. ಐದರಿಂದ ಒಂಬತ್ತು ಸಲ ಮಾಡಿ.

ರೇಚಕ ಉದ್ದ ಮಾಡಲು ಒದ್ದಾಡುವವರಿಗೆ ಭ್ರಾಮರಿ ತಾನಾಗಿ ಆ ಕೆಲಸ ಮಾಡಿಕೊಡುತ್ತದೆ, ಗುಂಯ್‌ಗುಡುವಾಗ ಉಸಿರನ್ನು ಒಮ್ಮೆಗೇ ಸುರಿದುಬಿಡಲು ಆಗುವುದಿಲ್ಲವಲ್ಲ. ಹೀಗೆ ಗುಂಯ್‌ಗುಟ್ಟಿದಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಪ್ರಮಾಣ ಬಹಳ ಹೆಚ್ಚುತ್ತದೆ ಎಂಬುದು ಅಳೆದು ನೋಡಿ ಗೊತ್ತಾಗಿರುವ ಸಂಗತಿ. ದನಿಯ ಕಂಪನಕ್ಕೆ ಸೈನಸ್‌ಗಳ ಗಾಳಿ ಹೊರಗೆ ಬಂದು ಬೆರೆಯುತ್ತದೆ. ಕಣ್ಣುಗಳ ಮೇಲೂ ಬೆರಳಿಡುವ ಷಣ್ಮುಖಿ ಮುದ್ರೆಯಲ್ಲಿ ಮಾಡುವವರು ಗುಡ್ಡೆಯನ್ನು ಒತ್ತಬಾರದು. ಲೆನ್ಸ್ ಹಾಕಿದವರು, ಗ್ಲಾಕೋಮಾ ಇದ್ದವರು ಕಣ್ಣಿನ ಮೇಲೆ ಬೆರಳಿಡುವುದೇ ಬೇಡ. ಕಿವಿ ಸೋರುತ್ತಿದ್ದರೆ ಕಿವಿ ಮುಚ್ಚದೆ ಬರೀ ಗುಂಯ್‌ಗುಡಿ.

6. ಶೀತಲಿ, ಬೇಸಿಗೆಗೆ ಮಾತ್ರ

ನಾಲಿಗೆಯನ್ನು ಉದ್ದಕ್ಕೆ ಕೊಳವೆಯಂತೆ ಸುರುಳಿ ಮಾಡಿ ಅದರ ಮೂಲಕ ಉಸಿರೆಳೆದು, ಬಾಯಿ ಮುಚ್ಚಿ ಮೂಗಿನಿಂದ ಬಿಡುವುದು. ನಾಲಿಗೆ ಸುರುಳಿಯಾಗುವುದು ಎಲ್ಲರಿಗೂ ಬರುವುದಿಲ್ಲ; ಅಂಥವರು ಹಲ್ಲು ಜೋಡಿಸಿ ಸಂದಿಯಿಂದ ಗಾಳಿ ಎಳೆಯಲಿ, ಅದು ಸೀತ್ಕಾರಿ. ಆರೆಂಟು ಸಲ ಸಾಕು. ಮೂಗು ಗಾಳಿಯನ್ನು ಸೋಸಿ ಬೆಚ್ಚಗೆ ಮಾಡಿ ಕಳಿಸುತ್ತದೆ, ಇಲ್ಲಿ ಆ ರಕ್ಷಣೆ ಇಲ್ಲ. ಹಾಗಾಗಿ ಧೂಳಿನಲ್ಲಿ, ಚಳಿಗಾಲದಲ್ಲಿ, ಅಸ್ತಮಾ ಅಥವಾ ಕೆಮ್ಮು ಇದ್ದಾಗ ಬೇಡ.

7. ಕಪಾಲಭಾತಿ: ಬೇಕಾದವರಿಗೆ, ಹುಷಾರಾಗಿ

ಎಲ್ಲರೂ ಕೇಳುವುದು ಇದನ್ನೇ, ಅದಕ್ಕೇ ಏಳನೆಯದಾಗಿ ಇಟ್ಟಿದ್ದೇನೆ. ಹಠಯೋಗ ಪ್ರದೀಪಿಕೆಯ ಎಂಟು ಕುಂಭಕಗಳ (ಪ್ರಾಣಾಯಾಮದ ಬಗೆಗಳಿಗೇ ಅಲ್ಲಿ ಈ ಹೆಸರು) ಪಟ್ಟಿಯಲ್ಲಿ ಕಪಾಲಭಾತಿ ಇಲ್ಲವೇ ಇಲ್ಲ. ಅದು ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿಗಳ ಜೊತೆ ಷಟ್ಕರ್ಮಗಳಲ್ಲಿ ಒಂದು, ಅಂದರೆ ಶುದ್ಧಿಕ್ರಿಯೆ. ಮೇದಸ್ಸು, ಕಫ ಹೆಚ್ಚಿರುವವರು ಇವನ್ನು ಮೊದಲು ಮಾಡಲಿ, ಉಳಿದವರಿಗೆ ಬೇಡ ಎಂದು ಅದೇ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಊರಿಗೆಲ್ಲ ಒಂದೇ ಅಭ್ಯಾಸ ಎನ್ನುವುದು ನಮ್ಮ ಕಾಲದ ಸಂಪ್ರದಾಯ.

ಮೇಲೆ ಹೇಳಿದ ತೊಂದರೆಗಳು ಯಾವುದೂ ಇಲ್ಲದಿದ್ದರೆ ಹೀಗೆ ಮಾಡಿ: ಬೆನ್ನು ನೆಟ್ಟಗಿಟ್ಟು ಕೂತು, ಕಿಬ್ಬೊಟ್ಟೆಯನ್ನು ಚಕ್ಕನೆ ಒಳಗೆಳೆದು ಮೂಗಿನಿಂದ ಉಸಿರು ಹೊರಹಾಕಿ. ಹೊಟ್ಟೆ ಸಡಿಲ ಬಿಟ್ಟರೆ ಗಾಳಿ ತಾನಾಗಿ ಒಳಬರುತ್ತದೆ, ಎಳೆದುಕೊಳ್ಳಬೇಡಿ. ಸೆಕೆಂಡಿಗೆ ಒಂದು, 15ರಿಂದ 20 ಸಲ. ಆಮೇಲೆ ಒಂದು ನಿಮಿಷ ಸಹಜ ಉಸಿರಾಟ. ಇಂಥ ಎರಡು ಮೂರು ಸುತ್ತು. ಹೆಗಲು ಕುಣಿಯುತ್ತಿದ್ದರೆ, ಮುಖ ಕಿವುಚುತ್ತಿದ್ದರೆ, ಸೊಂಟ ಅಲುಗಾಡುತ್ತಿದ್ದರೆ ನಿಲ್ಲಿಸಿ. ರಾತ್ರಿ ಮಲಗುವ ಮುಂಚೆ ಬೇಡ, ನಿದ್ದೆ ಓಡಿಹೋಗುತ್ತದೆ.

ಭಸ್ತ್ರಿಕಾ ಇನ್ನೂ ಬಿರುಸು. ಕುಲುಮೆಯ ತಿದಿಯಂತೆ ಎಳೆಯುವುದನ್ನೂ ಬಿಡುವುದನ್ನೂ ಎರಡನ್ನೂ ಜೋರಾಗಿ ಮಾಡುವುದು. ಅದನ್ನು ಲೇಖನ ಓದಿ ಕಲಿಯಬೇಡಿ, ಎದುರು ಕೂತು ನೋಡುವ ಗುರು ಬೇಕು.

ಹೊಟ್ಟೆ ಕರಗುತ್ತದೆಯೇ ಎಂದು ಕೇಳುವವರಿಗೆ ನೇರ ಉತ್ತರ: ಹೊಟ್ಟೆಯ ಸ್ನಾಯು ಕುಣಿಸಿದ ಮಾತ್ರಕ್ಕೆ ಅಲ್ಲಿಯ ಕೊಬ್ಬು ಕರಗುವುದಿಲ್ಲ. ಅದಕ್ಕೆ ನಡಿಗೆ, ತಟ್ಟೆಯಲ್ಲಿ ಅನ್ನದ ಅಳತೆ.

8. ಕುಂಭಕ

ಮೂರು ತಿಂಗಳ ನಾಡಿಶೋಧನ ಮುಗಿಯುವವರೆಗೆ ಇತ್ತ ತಲೆ ಹಾಕಬೇಡಿ. ಆಮೇಲೂ ಎರಡು ಮಾತ್ರೆಯಿಂದ ಶುರು: ನಾಲ್ಕು ಎಳೆದು, ಎರಡು ನಿಲ್ಲಿಸಿ, ಆರು ಬಿಡಿ. ಪುಸ್ತಕಗಳಲ್ಲಿ ಕಾಣುವ 1:4:2 ಪ್ರಮಾಣ, ಅಂದರೆ ನಾಲ್ಕು ಎಳೆದು ಹದಿನಾರು ತಡೆದು ಎಂಟು ಬಿಡುವುದು, ವರ್ಷಗಟ್ಟಲೆ ಮಾಡಿದವರದ್ದು. ಜಾಲಂಧರ, ಉಡ್ಡೀಯಾನ, ಮೂಲ ಎಂಬ ಮೂರು ಬಂಧಗಳು (ಗಂಟಲು, ಹೊಟ್ಟೆ, ಗುದದ್ವಾರದ ಭಾಗವನ್ನು ಬಿಗಿಹಿಡಿಯುವ ಕ್ರಮಗಳು) ಅದರ ಜೊತೆಗೇ ಬರುತ್ತವೆ. ಗುರುವಿಲ್ಲದೆ ಬೇಡ.

ಸಂಧ್ಯಾವಂದನೆ ಮಾಡುವ ಮನೆಗಳವರಿಗೆ ಒಂದು ಮಾತು. ಅಲ್ಲಿನ ಪ್ರಾಣಾಯಾಮದಲ್ಲಿ ಸಪ್ತವ್ಯಾಹೃತಿ, ಗಾಯತ್ರಿ, ಶಿರೋಮಂತ್ರ ಸೇರಿದ ಉದ್ದನೆಯ ಮಂತ್ರವಿದೆ. ಆಗತಾನೆ ಉಪನಯನವಾದ ಹುಡುಗ ಇಡೀ ಮಂತ್ರವನ್ನು ಒಂದೇ ಉಸಿರಿನಲ್ಲಿ ತಡೆದು ಮುಗಿಸುವ ಹಟಕ್ಕೆ ಬಿದ್ದು ಮುಖ ಕೆಂಪು ಮಾಡಿಕೊಳ್ಳುವುದನ್ನು ನೋಡುತ್ತೇವೆ. ಉಸಿರು ಸಾಲದಾದಾಗ ಬಿಟ್ಟುಬಿಡಲು ಅವನಿಗೆ ಹೇಳಿಕೊಡಿ.

ಈಜುಕೊಳದಲ್ಲಿ, ಕೆರೆಯಲ್ಲಿ, ವಾಹನ ಓಡಿಸುವಾಗ ಕುಂಭಕವಾಗಲಿ ಜೋರು ಉಸಿರಾಟವಾಗಲಿ ಯಾವತ್ತೂ ಬೇಡ. ಪ್ರಜ್ಞೆ ತಪ್ಪಿದರೆ ಜೀವಕ್ಕೇ ಸಂಚಕಾರ.

9. ಮುಗಿಸಿದ ಮೇಲೆ ಸುಮ್ಮನೆ ಕೂರುವುದು

ಆಧ್ಯಾತ್ಮಿಕ ಲಾಭ ಏನು ಎಂದು ಕೇಳುವವರು ಹೆಚ್ಚಾಗಿ ಈ ಹಂತವನ್ನೇ ಹಾರಿಸಿರುತ್ತಾರೆ. ಕೊನೆಯ ಸುತ್ತು ಮುಗಿಯುವಷ್ಟರಲ್ಲಿ ಕೈ ಮೊಬೈಲಿಗೆ ಹೋಗಿರುತ್ತದೆ. ಪತಂಜಲಿಯ ಎಂಟು ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು. ಅದರ ಹಿಂದೆ ಆಸನ, ಮುಂದೆ ಪ್ರತ್ಯಾಹಾರ (ಇಂದ್ರಿಯಗಳು ಹೊರಗಿನಿಂದ ಹಿಂದೆ ಸರಿಯುವುದು), ಆಮೇಲೆ ಧಾರಣ, ಧ್ಯಾನ. ಪ್ರಾಣಾಯಾಮದಿಂದ ಒಳಗಿನ ಬೆಳಕಿಗೆ ಕವಿದ ಮುಸುಕು ತೆಳುವಾಗುತ್ತದೆ, ಮನಸ್ಸಿಗೆ ಧಾರಣದ ಯೋಗ್ಯತೆ ಬರುತ್ತದೆ ಎನ್ನುತ್ತವೆ ಯೋಗಸೂತ್ರದ ಎರಡನೆಯ ಪಾದದ (ಅಧ್ಯಾಯದ) 52, 53ನೇ ಸೂತ್ರಗಳು. ಯೋಗ್ಯತೆ ಬರುತ್ತದೆ ಎಂದಷ್ಟೇ ಹೇಳಿರುವುದು. ಹದವಾದ ಆ ಮನಸ್ಸನ್ನು ಜಪಕ್ಕೋ ಧ್ಯಾನಕ್ಕೋ ಇಷ್ಟಲಿಂಗದ ಪೂಜೆಗೋ ಹಚ್ಚುವುದು ನಿಮ್ಮ ಪಾಲಿನ ಕೆಲಸ.

ಕೈ ಕೆಳಗಿಳಿಸಿ. ಎಣಿಕೆ ಬಿಡಿ. ಉಸಿರು ತನಗೆ ಬೇಕಾದಂತೆ ಹೋಗಿ ಬರಲಿ. ನಾಡಿಶೋಧನ ಚೆನ್ನಾಗಿ ಆಗಿದ್ದರೆ ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿರುತ್ತದೆ, ರೇಚಕದ ಕೊನೆಯಲ್ಲಿ ಒಂದು ಕ್ಷಣದ ನಿಲುಗಡೆ ತಾನಾಗಿ ಬರುತ್ತದೆ. ಅದನ್ನು ಹಿಗ್ಗಿಸಲು ಹೋಗಬೇಡಿ. ಕನಿಷ್ಠ ಐದು ನಿಮಿಷ ಕೂತಿರಿ. ಬಣ್ಣ ಕಾಣಲಿಲ್ಲ, ಬೆಳಕು ಕಾಣಲಿಲ್ಲ ಎಂದು ಕೊರಗಬೇಡಿ.

ಒಟ್ಟು ಹೊತ್ತಿನ ಲೆಕ್ಕ ಕೇಳುವವರಿಗೆ: ಮೂರನೇ ಹಂತ ಮೂರು ನಿಮಿಷ, ನಾಡಿಶೋಧನ ಹತ್ತು, ಭ್ರಾಮರಿ ಮೂರು, ಸುಮ್ಮನೆ ಕೂರುವುದು ಐದು. ಆಸನ ಮಾಡುವವರು ಆಸನ, ಶವಾಸನ ಮುಗಿಸಿ ಇದಕ್ಕೆ ಕೂರಲಿ. ವ್ಯಾಯಾಮಶಾಲೆಯಿಂದ ಏದುಸಿರು ಬಿಡುತ್ತ ಬಂದು ನೇರ ಕೂತರೆ ಕೆಲಸವಾಗದು.

ಯಾವಾಗ ನಿಲ್ಲಿಸಬೇಕು

ತಲೆ ಸುತ್ತು, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮುಜುಮು ಬಂದರೆ ಅದನ್ನು ಕುಂಡಲಿನಿ ಎದ್ದಳು ಎಂದು ಹೇಳಿಕೊಡುವವರಿದ್ದಾರೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತೀರಾ ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಅದಕ್ಕೇ ಈ ಸುತ್ತು. ಅಭ್ಯಾಸ ನಿಲ್ಲಿಸಿ, ಸಹಜವಾಗಿ ಉಸಿರಾಡಿ, ಹೋಗುತ್ತದೆ. "ಹೆಚ್ಚು ಆಮ್ಲಜನಕ ಸಿಗುತ್ತದೆ" ಎಂಬ ಮಾತೂ ಇದರ ಅಣ್ಣತಮ್ಮನೇ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ: ಆರೋಗ್ಯವಂತರಿಗೆ ಸುಮ್ಮನೆ ಕೂತಾಗಲೇ 95ರ ಮೇಲಿರುತ್ತದೆ. ತುಂಬಿಸಲು ಅಲ್ಲಿ ಜಾಗ ಹೆಚ್ಚೇನೂ ಉಳಿದಿಲ್ಲ.

ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ-ಕಿವಿ-ಕಣ್ಣುಗಳ ನೋವು ತಪ್ಪು ಅಭ್ಯಾಸದ ಫಲ ಎಂದು ಹಠಯೋಗ ಪ್ರದೀಪಿಕೆ ಪಟ್ಟಿಯನ್ನೇ ಕೊಟ್ಟಿದೆ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲಗೆ ಪಳಗಿಸುವಂತೆ ಉಸಿರನ್ನೂ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬ ಎಚ್ಚರಿಕೆಯೂ ಅದರದ್ದೇ. ಇವುಗಳ ಜೊತೆ ನಾನು ಇನ್ನೆರಡು ಸೇರಿಸುತ್ತೇನೆ: ಸಿಡುಕು ಹೆಚ್ಚುವುದು, ನಿದ್ದೆ ಕೆಡುವುದು. ಹೀಗಾದರೆ ಎಣಿಕೆ ಅರ್ಧಕ್ಕಿಳಿಸಿ, ಜೋರಿನ ಅಭ್ಯಾಸ ಬಿಡಿ. ಎದೆನೋವು, ಎಡಗೈ ಸೆಳೆತ, ಬೆವರು ಬಂದರೆ ಪ್ರಾಣಾಯಾಮದಿಂದ ಸರಿಹೋಗುತ್ತದೆಂದು ಕಾಯದೆ 108ಕ್ಕೆ ಫೋನ್ ಮಾಡಿ.

ಕೊನೆಯದು ಮಾತ್ರೆ, ಇನ್‌ಹೇಲರ್ ವಿಚಾರ. "ಆರು ತಿಂಗಳಿಂದ ಮಾಡುತ್ತಿದ್ದೇನೆ, ಬಿಪಿ ಮಾತ್ರೆ ಬಿಡಬಹುದಾ?" ಬಿಡಬೇಡಿ. ಕೆಲವರಿಗೆ ಬಿಪಿ ಸ್ವಲ್ಪ ಇಳಿಯುವುದುಂಟು. ಮನೆಯಲ್ಲಿ ಯಂತ್ರವಿದ್ದರೆ ವಾರಕ್ಕೆ ಮೂರು ಸಲ, ಒಂದೇ ಹೊತ್ತಿಗೆ, ಪ್ರಾಣಾಯಾಮಕ್ಕೆ ಕೂರುವ ಮುಂಚೆ ಅಳೆದು ಬರೆದಿಡಿ. ಮುಗಿಸಿದ ತಕ್ಷಣ ಅಳೆದರೆ ಕಡಿಮೆ ತೋರಿಸಿ ದಾರಿ ತಪ್ಪಿಸಬಹುದು. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರಿಗೆ ತೋರಿಸಿ, ಡೋಸ್ ಇಳಿಸುವುದೋ ಬೇಡವೋ ಅವರೇ ಹೇಳಲಿ. ಮಾತ್ರೆ ಬಿಟ್ಟುಬಿಡಿ ಎಂದು ಹೇಳುವ ಯೋಗ ತರಗತಿ ಸಿಕ್ಕರೆ ತರಗತಿಯನ್ನೇ ಬಿಟ್ಟುಬಿಡಿ.